ಬೀಗದ ಕೈ ಪಕ್ಕದ ಮನೆಯಲ್ಲಿ

2015ರ ಜಂಬೂಸವಾರಿಯ ದಿನ ನಮ್ಮ ಬೀದಿಯಲ್ಲಿ ಮೂರು ಮನೆಗಳ ಬೀಗ ಒಡೆದರು. ಮೈಸೂರಿನಲ್ಲಿ ಆ ದಿನ ಮನೆಯಲ್ಲಿ ಕೂರುವವರು ಯಾರು? ಬೆಂಗಳೂರಿನಿಂದ ಬಂದ ನೆಂಟರನ್ನು ಹೊರಡಿಸಿಕೊಂಡು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು, ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯಲು ಬೆಳಿಗ್ಗೆಯೇ ಹೋದವರು ಸಂಜೆ ಬಂದು ನೋಡಿದರೆ ಚಿಲಕ ನೇತಾಡುತ್ತಿತ್ತು. ಅದೇ ವಾರ ಮೂಲೆ ಮನೆ ರಾಯರ ತಾರಸಿಯ ಮೇಲೆ ಸಭೆ ಸೇರಿತು. ಇಪ್ಪತ್ತೆರಡು ಗಂಡಸರು ಹೆಸರು ಕೊಟ್ಟರು. ಟಾರ್ಚು, ಸೀಟಿ, ಬೆತ್ತ ಬಂದವು. ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ನಾಲ್ಕರವರೆಗೆ ಗಸ್ತು ಎಂದು ತೀರ್ಮಾನವಾಯಿತು. ಕಳ್ಳತನ ಆಗಿದ್ದು ಮಟಮಟ ಮಧ್ಯಾಹ್ನ ಎನ್ನುವುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ನಾನು ಆ ವರ್ಷವಷ್ಟೇ ದೂರವಾಣಿ ಕೆಲಸದಿಂದ ನಿವೃತ್ತಳಾಗಿದ್ದೆ. ‘ನಿಮಗೆ ಬಿಡುವಿದೆಯಲ್ಲ ಮೇಡಂ’ ಎಂದು ಹೆಸರು, ನಂಬರು ಬರೆಯುವ ಪುಸ್ತಕವನ್ನು ನನ್ನ ಕೈಗಿಟ್ಟರು. ಹತ್ತು ವರ್ಷವಾಯಿತು. ಸೀಟಿಗಳು ಎಲ್ಲೋ ಹೋದವು, ಪುಸ್ತಕ ನನ್ನ ಹತ್ತಿರ ಉಳಿಯಿತು.

ಈಗ ಹೊಸದಾಗಿ ಬಾಡಿಗೆಗೆ ಬರುವ ಹುಡುಗರು ಕೇಳುತ್ತಾರೆ: ‘ಆಂಟಿ, ಕ್ಯಾಮೆರಾ ಇದೆ, ಆ್ಯಪ್ ಇದೆ, 112ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತೆ. ಇನ್ನೂ ಈ ಬೀದಿ ಕಾವಲು ಸಮಿತಿ ಯಾಕೆ?’ ನ್ಯಾಯವಾದ ಪ್ರಶ್ನೆಯೇ. ಉತ್ತರವಾಗಿ ಪುಸ್ತಕ ತಿರುವಿ ಹಾಕಿ ಇಷ್ಟನ್ನು ಬರೆದಿದ್ದೇನೆ.

1. ಗಸ್ತಿನ ಹುರುಪು ಹದಿನೈದು ದಿನದ್ದು

ಮೊದಲ ವಾರ ಇಪ್ಪತ್ತೆರಡು ಜನ. ಎರಡನೆಯ ವಾರ ಒಂಬತ್ತು. ಕಾರ್ತಿಕದ ಚಳಿ ಇಳಿಯುವ ಹೊತ್ತಿಗೆ ಇಬ್ಬರು. ಅದರಲ್ಲಿ ಒಬ್ಬರಿಗೆ ಹೇಗೂ ನಿದ್ದೆ ಬರುತ್ತಿರಲಿಲ್ಲ.

ಇದನ್ನು ಯಾರ ಸೋಮಾರಿತನ ಎಂದೂ ನಾನು ಬರೆದಿಟ್ಟಿಲ್ಲ. ಹಿಂದೆ ಊರು ಕಾಯಲು ತಳವಾರನಿದ್ದ. ಅವನಿಗೆ ಸುಗ್ಗಿಯಲ್ಲಿ ಆಯ ಸಿಗುತ್ತಿತ್ತು, ಇನಾಂ ಭೂಮಿ ಇರುತ್ತಿತ್ತು. ವಂಶಪಾರಂಪರ್ಯದ ಆ ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಬಂತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ ತುಂಬಿತ್ತು, ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಕಾಯುವುದೆಂದರೆ ದುಡಿಮೆ, ಅದಕ್ಕೆ ಕೂಲಿ ಕೊಡಬೇಕು ಎನ್ನುವುದು ಆ ಕಾಲದವರಿಗೆ ಗೊತ್ತಿತ್ತು. ನಾವು ಅದನ್ನು ಪುಕ್ಕಟೆಯಾಗಿ, ಹಗಲೆಲ್ಲ ಆಫೀಸಿನಲ್ಲಿ ದುಡಿದು ಬಂದವರಿಂದ ಮಾಡಿಸಲು ಹೊರಟಿದ್ದೆವು.

ಆಮೇಲೆ ಗೂರ್ಖಾನನ್ನು ಇಟ್ಟುಕೊಂಡೆವು. ತಿಂಗಳಿಗೆ ಮನೆಗಿಷ್ಟು ಎಂದು ವಸೂಲಿ. ಅವನು ಸೀಟಿ ಊದುತ್ತಾ, ಕೋಲು ಕುಟ್ಟುತ್ತಾ ಸುತ್ತು ಹಾಕುವಾಗ ನಮಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಅವನು ಯಾವ ಮೂಲೆಯಲ್ಲಿದ್ದಾನೆ ಎಂಬ ಸುದ್ದಿಯನ್ನು ಆ ಸೀಟಿ ಕಳ್ಳನಿಗೂ ಮುಟ್ಟಿಸುತ್ತಿತ್ತು ಎಂಬುದು ಬೇರೆ ಮಾತು.

2. ಹನ್ನೊಂದು ಗಂಟೆ ಅಂದರೆ ಬೆಳಗಿನ ಹನ್ನೊಂದು

ನನ್ನ ಪುಸ್ತಕದಲ್ಲಿರುವ ಕಳ್ಳತನಗಳಲ್ಲಿ ಬಹುಪಾಲು ನಡೆದಿರುವುದು ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋದ ಮೇಲೆ, ಊಟದ ಹೊತ್ತಿಗೆ ಮುಂಚೆ. ಬೀದಿಯಲ್ಲಿ ನಾಯಿಯೂ ಮಲಗಿರುವ ಹೊತ್ತು ಅದು. ನನ್ನ ವಯಸ್ಸಿನವರಿಗೆ ಇದು ಹೊಸ ವಿಷಯ ಆಗಬಾರದಿತ್ತು. 1990ರ ದಶಕದಲ್ಲಿ ದಂಡುಪಾಳ್ಯದ ಗ್ಯಾಂಗಿನ ಹೆಸರು ಕೇಳಿ ನಡುಗಿದವರು ನಾವು. ಕುಡಿಯಲು ನೀರು ಕೇಳುವ ನೆಪದಲ್ಲಿ ಒಂಟಿ ಹೆಂಗಸರಿರುವ ಮನೆಗೆ ಬರುತ್ತಾರೆಂದು ಅಮ್ಮಂದಿರು ಹಾಡುಹಗಲಲ್ಲೇ ಬಾಗಿಲಿಗೆ ಸರಪಳಿ ಹಾಕಿಕೊಂಡ ಕಾಲ ಅದು. ಆದರೂ ‘ಕಾವಲು’ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಕಗ್ಗತ್ತಲು.

ಇನ್ನೊಂದು ಮೈಸೂರಿನದೇ ಆದ ತೊಂದರೆ. ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆ. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿದ ಕಾಲದಿಂದ, ಗಾಳಿ ಬೆಳಕು ಬೇಕು, ಶುಚಿ ಇರಬೇಕು ಎಂಬ ಒಳ್ಳೆಯ ಬುದ್ಧಿಯಿಂದ ಬಿಟ್ಟ ಜಾಗ ಅದು. ಈಗ ಅಲ್ಲಿ ಮುರಿದ ಕಮೋಡು, ಪಾರ್ಥೇನಿಯಂ, ನುಗ್ಗೆ ಮರ. ಮನೆಯ ಮುಂದೆ ಮೂರು ಕ್ಯಾಮೆರಾ ಹಾಕಿಸಿದವರೂ ಹಿಂಬಾಗಿಲಿಗೆ ಹಳೆಯ ಅಗುಳಿಯನ್ನೇ ನೆಚ್ಚಿಕೊಂಡಿರುತ್ತಾರೆ. ನಾವು ಮಾಡಿದ ಕೆಲಸಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಫಲ ಕೊಟ್ಟ ಕೆಲಸ ಯಾವುದೆಂದರೆ ಪಾಲಿಕೆಯವರ ಬೆನ್ನು ಹತ್ತಿ ಆ ಗಲ್ಲಿಯನ್ನು ಸವರಿಸಿ ಎರಡು ದೀಪ ಹಾಕಿಸಿದ್ದು. ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

3. ಮನೆ ಖಾಲಿ ಎಂದು ಸಾರುವುದು ಬಾಗಿಲ ಮುಂದಿನ ನೆಲ

ಎರಡು ದಿನ ರಂಗೋಲಿ ಇಲ್ಲದ ಹೊಸ್ತಿಲು. ಗೇಟಿಗೆ ನೇತುಹಾಕಿದ ಚೀಲದಲ್ಲೇ ಬಾಡಿದ ಹೂವು. ಕಾಂಪೌಂಡಿನೊಳಗೆ ಬಿದ್ದ ಮೂರು ದಿನದ ಪೇಪರು. ಹಗಲಲ್ಲೂ ಉರಿಯುವ ಪೋರ್ಟಿಕೋ ದೀಪ (ಕಳ್ಳನನ್ನು ಹೆದರಿಸಲೆಂದು ಹಾಕಿ ಹೋಗಿರುತ್ತಾರೆ ಪಾಪ, ಅದೇ ಕರೆಯೋಲೆ). ಬೀಗ ನೋಡಲು ಗೇಟಿನವರೆಗೆ ಹೋಗಬೇಕು. ಇವೆಲ್ಲ ಸ್ಕೂಟರಿನಲ್ಲಿ ಹೋಗುವಾಗಲೇ ಕಾಣುತ್ತವೆ.

ಆದ್ದರಿಂದ ನಮ್ಮ ಮೊದಲ ನಿಯಮ: ಊರಿಗೆ ಹೋಗುವವರು ಎದುರು ಮನೆಯವರಿಗೆ ಹೇಳಿ ಹೋಗಬೇಕು, ಎದುರು ಮನೆಯವರು ತಮ್ಮ ಬಾಗಿಲಿಗೆ ನೀರು ಹಾಕುವಾಗ ಅವರ ಬಾಗಿಲಿಗೂ ಒಂದು ಚೊಂಬು ನೀರು ಹಾಕಿ ಎರಡು ಗೆರೆ ಎಳೆಯಬೇಕು. ಅಷ್ಟೆ. ನಗಬೇಡಿ, ಬೆಂಗಳೂರಿನಿಂದ ಬಂದಿದ್ದ ಭದ್ರತಾ ಉಪಕರಣಗಳ ಮಾರಾಟಗಾರನೂ ಇದನ್ನು ಕೇಳಿ ನಕ್ಕಿದ್ದ.

ವರಮಹಾಲಕ್ಷ್ಮಿ ಹಬ್ಬದ ಬಗ್ಗೆಯೂ ಒಂದು ಮಾತು. ಮನೆಯಲ್ಲಿದ್ದ ಒಡವೆಯನ್ನೆಲ್ಲ ಅಮ್ಮನವರಿಗೆ ಹಾಕಿ, ನೋಟಿನ ಹಾರ ಮಾಡಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವವರಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಅವರು ‘ಹೌದು ಮೇಡಂ’ ಎನ್ನುತ್ತಾರೆ. ಫೋಟೋ ಹಾಕುತ್ತಾರೆ.

4. ನಮ್ಮ ಅನುಮಾನದ ಪಟ್ಟಿಯಲ್ಲಿ ಮೊದಲು ಇದ್ದವನೇ ನಮ್ಮನ್ನು ಕಾದವನು

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಪುಸ್ತಕದ ಎರಡನೆಯ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ‘ನಿಗಾ ಇಡಬೇಕಾದವರು’ ಎಂಬ ಪಟ್ಟಿ ಇದೆ. ಇಸ್ತ್ರಿ ಗಾಡಿಯವನು. ಹೂವು ಮಾರುವವಳ ಮಗ. ಪಿಜಿ ಹುಡುಗರು. ಕಟ್ಟುತ್ತಿದ್ದ ಮನೆಯ ಶೆಡ್ಡಿನಲ್ಲಿ ಇದ್ದ ರಾಯಚೂರು ಕಡೆಯ ಗಾರೆ ಕೆಲಸದವರು. ಗಮನಿಸಿ, ಪಟ್ಟಿಯಲ್ಲಿ ಸ್ವಂತ ಮನೆ ಇರುವವರು ಒಬ್ಬರೂ ಇಲ್ಲ. ಯಾರೋ ಆ ಹಾಳೆಯ ನಕಲನ್ನು ಠಾಣೆಗೆ ಕೊಟ್ಟರು. ಪೇದೆಯೊಬ್ಬರು ಬಂದು ಇಸ್ತ್ರಿಯವನನ್ನು ನಾಲ್ಕು ಪ್ರಶ್ನೆ ಕೇಳಿ ಹೋದರು. ಅವನು ಒಂದು ವಾರ ಗಾಡಿ ತರಲಿಲ್ಲ. ಆಮೇಲೆ ತಂದ, ಹೊಟ್ಟೆಪಾಡು.

2017ರ ಜೂನ್‌ನಲ್ಲಿ ಒಂದು ದಿನ ನಾನು ಸೀರೆ ಕೊಡಲು ಹೋದಾಗ ಅವನು ಕೆಂಡ ಊದುತ್ತಾ, ನನ್ನ ಮುಖ ನೋಡದೆ ಹೇಳಿದ: ‘ಅಮ್ಮಾವ್ರೇ, ಮೇಷ್ಟ್ರ ಪಂಚೆ ಬಂದಿಲ್ಲ. ಸೋಮವಾರ ಕೊಡೋರು. ಇವತ್ತು ಬುಧವಾರ.’

ಮೇಷ್ಟ್ರು ಎಂದರೆ ನಮ್ಮ ಎದುರು ಸಾಲಿನ ಕೊನೆಯ ಮನೆಯವರು. ಹೆಂಡತಿ ತೀರಿಕೊಂಡಿದ್ದರು, ಮಗ ಡಲ್ಲಾಸಿನಲ್ಲಿ. ಗಟ್ಟಿ ಮನುಷ್ಯ, ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದವರು. ಪೇಪರಿನ ಹುಡುಗ ಪೇಪರು ಒಳಗೆಸೆದು ಹೋಗಿದ್ದ. ನಾವ್ಯಾರೂ ಗೇಟಿನಾಚೆ ನೋಡಿರಲಿಲ್ಲ. ಬಾಗಿಲು ತಟ್ಟಿದೆವು, ಒಳಗಿನಿಂದ ಕ್ಷೀಣವಾದ ದನಿ. ಬೀಗದ ಕೈ ಯಾರ ಹತ್ತಿರವೂ ಇಲ್ಲ. ಒಳಗಿನಿಂದ ಚಿಲಕ ಬೇರೆ. ಬಡಗಿಯನ್ನು ಹುಡುಕಿ, ಬಾಗಿಲು ಒಡೆಸಲೋ ಬೇಡವೋ ಎಂದು ಡಲ್ಲಾಸಿಗೆ ಫೋನ್ ಮಾಡಿ, ಅಲ್ಲಿ ನಡುರಾತ್ರಿ, ಮಗ ಫೋನ್ ಎತ್ತದೆ, ಕೊನೆಗೆ ಒಡೆಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಬಚ್ಚಲು ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಒಂದೂವರೆ ದಿನ ಅಲ್ಲೇ ಇದ್ದರು. ಕೈಗೆಟುಕಿದ ನಲ್ಲಿಯ ನೀರು ಅವರ ಜೀವ ಉಳಿಸಿತ್ತು.

ಇಸ್ತ್ರಿಯವನು ಆ ದಿನ ಗಾಡಿ ಬಿಟ್ಟು ಆಂಬುಲೆನ್ಸ್‌ಗೆ ದಾರಿ ತೋರಿಸಲು ಮುಖ್ಯರಸ್ತೆಯಲ್ಲಿ ನಿಂತಿದ್ದ. ನಾನು ಅವನಲ್ಲಿ ಕ್ಷಮೆ ಕೇಳಿದೆನೇ ಎಂದು ಕೇಳಬೇಡಿ. ಹೇಗೆ ಕೇಳುವುದೆಂದು ಗೊತ್ತಾಗದೆ ಆ ತಿಂಗಳು ಸೀರೆಗಳನ್ನು ಹೆಚ್ಚು ಕೊಟ್ಟೆ. ಅವನಿಗೆ ಅರ್ಥವಾಗಿರಬೇಕು. ಅಥವಾ ಆಗಿಲ್ಲದಿರಬಹುದು.

ಈಗ ನಮ್ಮ ಸಮಿತಿಯಲ್ಲಿ ಅವನಿದ್ದಾನೆ. ಹೂವಿನವಳಿದ್ದಾಳೆ, ಬೆಳಿಗ್ಗೆ ಐದೂವರೆಗೆ ಬೀದಿಗೆ ಬರುವ ಪೌರಕಾರ್ಮಿಕರಲ್ಲಿ ಒಬ್ಬರಿದ್ದಾರೆ. ಸಭೆ ಅವರಿಗೆ ಅನುಕೂಲವಾದ ಹೊತ್ತಿಗೆ ನಡೆಯುತ್ತದೆ. ತಾರಸಿಯ ಮೇಲೆ ಅಲ್ಲ, ಇಸ್ತ್ರಿ ಗಾಡಿಯ ಪಕ್ಕ, ಹೊಂಗೆ ಮರದ ಕೆಳಗೆ. ಕೆಲವರು ಅದಕ್ಕೇ ಬರುವುದನ್ನು ಬಿಟ್ಟರು.

5. ಬೀಗದ ಕೈ ಹೊರಗೆ ಒಂದು ಇರಲಿ

ಮೇಷ್ಟ್ರು ಬಿದ್ದ ಮೇಲೆ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಹಲಗೆಗೆ ಕೊಕ್ಕೆ ಹೊಡೆದೆ. ಕೈಗಳಿಗೆ ಮನೆ ನಂಬರು ಬರೆಯುವುದಿಲ್ಲ, ಬಣ್ಣದ ದಾರ ಕಟ್ಟುತ್ತೇನೆ. ಯಾವ ಬಣ್ಣ ಯಾರದೆಂದು ನನಗೂ ನನ್ನ ಪಕ್ಕದ ಮನೆಯಾಕೆಗೂ ಮಾತ್ರ ಗೊತ್ತು. ಒಬ್ಬರೇ ಇರುವವರು ರಾತ್ರಿ ಒಳಚಿಲಕ ಹಾಕದೆ, ಹೊರಗಿನಿಂದ ತೆಗೆಯಬಹುದಾದ ಬೀಗ ಮಾತ್ರ ಹಾಕಿಕೊಳ್ಳಬೇಕು. ಇದಕ್ಕೆ ಒಪ್ಪಿಸುವುದು ಬಹಳ ಕಷ್ಟ. ‘ಒಳಚಿಲಕ ಹಾಕದಿದ್ದರೆ ನಿದ್ದೆ ಬರಲ್ಲ’ ಎನ್ನುತ್ತಾರೆ. ಅವರಿಗೆ ಕಳ್ಳನ ಭಯ, ನನಗೆ ಬಚ್ಚಲು ಮನೆಯ ಭಯ.

6. ಮುನ್ನೂರು ಮನೆಯ ಸಂಘಕ್ಕಿಂತ ಆರು ಮನೆಯ ಗೂಡು ವಾಸಿ

ಈ ಬೀದಿ ಕಾವಲು ಎಂಬ ಆಧುನಿಕ ರೂಪ ಹೊರದೇಶದ್ದು. ಅಮೆರಿಕದಲ್ಲಿ 1972ರಲ್ಲಿ ಶೆರಿಫರ ಸಂಘ ಅದನ್ನು ದೇಶವ್ಯಾಪಿ ಕಾರ್ಯಕ್ರಮ ಮಾಡಿತು. ಇಂಗ್ಲೆಂಡಿನಲ್ಲಿ 1982ರಲ್ಲಿ ಚೆಷೈರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ ಶುರುವಾಯಿತು. ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮೂವರು ಅಪರಾಧಶಾಸ್ತ್ರಜ್ಞರು ತೂಗಿ ನೋಡಿದಾಗ, ಇಂಥ ಕಾವಲು ಇದ್ದ ಕಡೆ ಅಪರಾಧ ಶೇ 16ರಿಂದ 26ರಷ್ಟು ಕಡಿಮೆಯಾಗಿದ್ದು ಕಂಡಿತು. ಆದರೆ ಎಲ್ಲ ಕಡೆಯೂ ಕಡಿಮೆಯಾಗಿರಲಿಲ್ಲ. ಯಾಕೆ ಕೆಲಸ ಮಾಡುತ್ತದೆ, ಯಾಕೆ ಮಾಡುವುದಿಲ್ಲ ಎಂಬುದಕ್ಕೆ ಅವರ ಬಳಿಯೂ ಖಚಿತ ಉತ್ತರವಿರಲಿಲ್ಲ.

ನನಗೆ ಹಿಡಿಸಿದ್ದು ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್‌ನ ಕಿರ್ಕ್‌ಹೋಲ್ಟ್ ಎಂಬ ಬಡವರ ಬಡಾವಣೆಯ ಕಥೆ. 1980ರ ದಶಕದ ಮಾತು. ಅಲ್ಲಿ ಸಂಶೋಧಕರು ಗಮನಿಸಿದ ಸಂಗತಿ ಸರಳ: ಒಮ್ಮೆ ಕಳ್ಳತನವಾದ ಮನೆಗೇ ಮತ್ತೊಮ್ಮೆ ಕಳ್ಳ ಬರುವ ಸಂಭವ ಹೆಚ್ಚು. ದಾರಿ ಗೊತ್ತಿದೆ, ಹೊಸ ಸಾಮಾನು ಬಂದಿರುತ್ತದೆ. ಹಾಗಾಗಿ ಇಡೀ ಬಡಾವಣೆಯನ್ನು ಕಾಯುವ ಗೋಜಿಗೆ ಹೋಗದೆ, ಕಳ್ಳತನವಾದ ಮನೆಯ ಸುತ್ತಲಿನ ಐದಾರು ಮನೆಯವರನ್ನು ಮಾತ್ರ ಅದರ ಮೇಲೆ ಕಣ್ಣಿಡಲು ಒಪ್ಪಿಸಿದರು. ಮನೆಗಳಲ್ಲಿ ನಾಣ್ಯ ಹಾಕಿ ನಡೆಸುವ ಗ್ಯಾಸು, ಕರೆಂಟಿನ ಮೀಟರುಗಳಿದ್ದವು. ಕಳ್ಳರ ಕಣ್ಣು ಆ ನಾಣ್ಯದ ಡಬ್ಬಿಯ ಮೇಲೆ, ಅವನ್ನೂ ತೆಗೆಸಿದರು. ಕಳ್ಳತನ ಇಳಿಯಿತು. ಸುತ್ತಲಿನ ಮನೆಗಳ ಈ ಏರ್ಪಾಡಿಗೆ ಅವರು ಇಟ್ಟ ಹೆಸರು ರೇಷ್ಮೆಹುಳುವಿನ ಗೂಡಿನದು. ರಾಮನಗರದ ಗೂಡಿನ ಮಾರ್ಕೆಟ್ಟು ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಘದಲ್ಲಿ ಮುನ್ನೂರು ಮನೆಗಳಿದ್ದಾಗ ಎಲ್ಲರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಈಗ ಅಕ್ಕಪಕ್ಕ, ಎದುರು, ಹಿಂದೆ ಎಂದು ಆರಾರು ಮನೆಗೆ ಒಂದು ಗೂಡು. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಆದ್ದರಿಂದ ಜಗಳವೂ ಕಮ್ಮಿ.

7. ಮೆಸೇಜು ಹಾಕುವ ಮುಂಚೆ ಟ್ರಂಕ್ ಕಾಲ್ ನೆನಪಿಸಿಕೊಳ್ಳಿ

2024ರ ಕೊನೆಯ ದಿನ ಇನ್ಫೋಸಿಸ್ಸಿನ ಮೈಸೂರು ಆವರಣದಲ್ಲಿ ಚಿರತೆ ಕಾಣಿಸಿಕೊಂಡಿತು. ನಿಜವಾದ ಚಿರತೆ, ಅರಣ್ಯ ಇಲಾಖೆ ಬಂತು, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದರು. ಅದಾದ ನಾಲ್ಕನೆಯ ದಿನ ರಾತ್ರಿ ನಮ್ಮ ಬೀದಿಯ ಗ್ರೂಪಿನಲ್ಲಿ ಒಂದು ಮಸುಕು ಫೋಟೋ ಬಂತು. ‘ಪಾರ್ಕಿನ ಹತ್ತಿರ ಚಿರತೆ!!’ ಅರ್ಧ ಗಂಟೆಯಲ್ಲಿ ಚಿರತೆಗೆ ಎರಡು ಮರಿ ಹುಟ್ಟಿದವು. ಒಂದು ಗಂಟೆಯಲ್ಲಿ ಅದು ಕರುವನ್ನು ಎಳೆದೊಯ್ದಿತ್ತು. ನಮ್ಮ ಬೀದಿಯಲ್ಲಿ ಕರುವೇ ಇಲ್ಲ. ಮರುದಿನ ಬೆಳಿಗ್ಗೆ ಫೋಟೋದಲ್ಲಿದ್ದ ಕಾಂಪೌಂಡಿನ ಹತ್ತಿರ ಹೋಗಿ ನೋಡಿದರೆ ಬಿಸ್ಕತ್ ಬಣ್ಣದ ನಾಯಿ, ಮರದ ನೆರಳಿನ ಚುಕ್ಕೆ.

ನಕ್ಕು ಬಿಡಬಹುದಿತ್ತು. ಆದರೆ ನನಗೆ ‘ನಾಳೆ ಬಾ’ ನೆನಪಿದೆ. 1990ರ ಸುಮಾರಿಗೆ, ರಾತ್ರಿ ಹೆಣ್ಣು ದೆವ್ವ ಪರಿಚಯದ ದನಿಯಲ್ಲಿ ಕರೆಯುತ್ತದೆ ಎಂದು ಮನೆಮನೆಯ ಬಾಗಿಲ ಮೇಲೆ ಆ ಎರಡು ಪದ ಬರೆದರು. ಆಗ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿಯಲ್ಲಿದ್ದ ನಮ್ಮನ್ನೇ ಜನ ‘ನಿಜವಾ’ ಎಂದು ಕೇಳುತ್ತಿದ್ದರು. ಅದು ನಿರಪಾಯದ ಗಾಳಿಮಾತು, ಖರ್ಚಾಗಿದ್ದು ಸುಣ್ಣದ ಕಡ್ಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ಹಾಗಲ್ಲ. ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಸ್ನೇಹಿತರ ಗುಂಪನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿ, ಕಾರನ್ನು ತಡೆದು, ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದರು. ಅದಕ್ಕೆ ಎರಡು ತಿಂಗಳು ಮುಂಚೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯೊಬ್ಬ ಇದೇ ಅನುಮಾನಕ್ಕೆ ಬಲಿಯಾಗಿದ್ದ. ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಭಾರತದಲ್ಲಿ ತಂದಿದ್ದು ಆ ಜುಲೈನಲ್ಲೇ.

ಕೊಂದವರೂ ತಮ್ಮ ಊರನ್ನು ಕಾಯುತ್ತಿದ್ದೇವೆ ಎಂದೇ ಅಂದುಕೊಂಡಿದ್ದರು. ಬೀದಿ ಕಾವಲು ನಡೆಸುವವರು ಇದನ್ನು ಮರೆಯಬಾರದು.

ನಾನು ಇಪ್ಪತ್ತು ವರ್ಷ ಟ್ರಂಕ್ ಕಾಲ್ ಜೋಡಿಸಿದವಳು. ಮೂರು ನಿಮಿಷಕ್ಕೆ ದುಡ್ಡು, ಆದ್ದರಿಂದ ಜನ ಮೊದಲೇ ಯೋಚಿಸಿ ಮಾತಾಡುತ್ತಿದ್ದರು. ನಮ್ಮ ಗ್ರೂಪಿನ ನಿಯಮವೂ ಅದೇ: ನೀವೇ ಕಣ್ಣಾರೆ ಕಂಡದ್ದೇ? ಎಲ್ಲಿ, ಎಷ್ಟು ಹೊತ್ತಿಗೆ? ಮನುಷ್ಯನ ವಿಷಯವಾದರೆ ಅವನು ಏನು ಮಾಡುತ್ತಿದ್ದ? ‘ಹೇಗಿದ್ದ’ ಎಂಬುದು ಬೇಡ. ಫೋಟೋ ಬೇಡ. ಫಾರ್ವರ್ಡ್ ಮಾಡಿದ್ದು ಯಾವುದೂ ಬೇಡ. ಗುಡ್ ಮಾರ್ನಿಂಗ್ ಕೂಡ ಬೇಡ ಎಂದಾಗ ಹನ್ನೆರಡು ಜನ ಗ್ರೂಪು ಬಿಟ್ಟರು.

8. ನೋಡಿ, ತಿಳಿಸಿ, ಮುಟ್ಟಬೇಡಿ

ಪಾರ್ಕಿನ ಗೋಡೆಯ ಹತ್ತಿರ ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಬೈಕಿನ ಮೇಲೆ ಕೂತಿದ್ದ. 2019ರಲ್ಲಿ. ನಮ್ಮವರು ಆರು ಜನ ಸುತ್ತುವರಿದರು. ಫೋನ್ ಕಿತ್ತುಕೊಂಡರು, ಬೈಕಿನ ಕೀ ತೆಗೆದುಕೊಂಡರು. ಹೆಸರು ಕೇಳಿದರು. ಹೇಳಿದ. ಮತ್ತೆ ಕೇಳಿದರು. ಪೂರ್ತಿ ಹೆಸರು ಹೇಳು ಎಂದು ಮೂರನೆಯ ಸಲ ಕೇಳಿದರು. ಆ ಮೂರನೆಯ ಸಲ ಯಾಕೆ ಕೇಳಿದರೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಷ್ಟರಲ್ಲಿ ಅವನು ಕಾಯುತ್ತಿದ್ದ ಅಕ್ಕ ಬಂದಳು. ಆಸ್ಪತ್ರೆಯಲ್ಲಿ ನರ್ಸು, ನಮ್ಮದೇ ಬೀದಿಯ ಬಾಡಿಗೆ ಮನೆಯವಳು. ಕೋವಿಡ್ ಕಾಲದಲ್ಲಿ ಈ ಬೀದಿಯ ಎಷ್ಟೋ ಜನ ಅವಳ ಬಾಗಿಲಿಗೆ ಹೋಗಿ ಆಕ್ಸಿಮೀಟರ್ ಓದಿಸಿಕೊಂಡು ಬಂದರು. ಅವಳು ಯಾರಿಗೂ ಇಲ್ಲ ಎನ್ನಲಿಲ್ಲ. ನಮ್ಮ ಜತೆ ಮಾತು ಮಾತ್ರ ಅಷ್ಟಕ್ಕಷ್ಟೆ.

ಕಾನೂನು ಸ್ಪಷ್ಟವಾಗಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನ ಪ್ರಕಾರ, ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧವನ್ನು ನಮ್ಮ ಕಣ್ಣೆದುರೇ ಮಾಡಿದವನನ್ನು (ಅಥವಾ ಘೋಷಿತ ಅಪರಾಧಿಯನ್ನು) ಮಾತ್ರ ಸಾಮಾನ್ಯ ನಾಗರಿಕರು ಹಿಡಿಯಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೈಕಿನ ಮೇಲೆ ಕೂರುವುದು ಯಾವ ಕಲಮಿನಲ್ಲೂ ಇಲ್ಲ. 2012ರಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಟ್ರೇವನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕಪ್ಪು ಹುಡುಗನನ್ನು ಹಿಂಬಾಲಿಸಿ ಹೋಗಿ ಗುಂಡು ಹಾರಿಸಿ ಕೊಂದವನು ಬೀದಿ ಕಾವಲಿನ ಸ್ವಯಂಸೇವಕನೇ. ಹಿಂಬಾಲಿಸುವ ಅಗತ್ಯವಿಲ್ಲ ಎಂದು ಪೊಲೀಸ್ ಫೋನಿನಲ್ಲಿದ್ದವರು ಅವನಿಗೆ ಹೇಳಿದ್ದರು. ಆತ ಕೋರ್ಟಿನಲ್ಲಿ ನಿರ್ದೋಷಿ ಎನಿಸಿಕೊಂಡ.

ನಮ್ಮ ಬೆತ್ತಗಳನ್ನು 2019ರಲ್ಲೇ ವಾಪಸು ಪಡೆದೆ. ಒಂದು ಈಗ ನನ್ನ ತುಳಸಿಕಟ್ಟೆಯ ಪಕ್ಕ ಅವರೆ ಬಳ್ಳಿಗೆ ಆಸರೆಯಾಗಿದೆ.

9. ಕ್ಯಾಮೆರಾದ ಗಡಿಯಾರ ನೋಡಿ

ಒಂದು ಸರಗಳ್ಳತನದ ತನಿಖೆಗೆ ಪೊಲೀಸರು ನಾಲ್ಕು ಮನೆಯ ದೃಶ್ಯ ಕೇಳಿದರು. ಒಂದರಲ್ಲಿ ಗಡಿಯಾರ ನಲವತ್ತು ನಿಮಿಷ ಹಿಂದೆ. ಒಂದರಲ್ಲಿ ಏಳು ದಿನಕ್ಕೇ ಹಳೆಯದು ಅಳಿಸಿ ಹೋಗುತ್ತಿತ್ತು. ಒಂದರ ಕಣ್ಣಿಗೆ ಜೇಡ ಬಲೆ ಕಟ್ಟಿತ್ತು. ನಾಲ್ಕನೆಯದರಲ್ಲಿ ಬೈಕು ಚೆನ್ನಾಗಿ ಕಂಡಿತು, ಹೆಡ್‌ಲೈಟಿನ ಬೆಳಕಿಗೆ ನಂಬರ್ ಪ್ಲೇಟು ಬೆಳ್ಳಗಾಗಿತ್ತು. ತಿಂಗಳ ಮೊದಲ ಭಾನುವಾರ ಒರೆಸಿ, ಗಡಿಯಾರ ಸರಿಮಾಡಿ, ದೃಶ್ಯ ಎಷ್ಟು ದಿನ ಉಳಿಯುತ್ತದೆ ನೋಡಿ. ಪಕ್ಕದ ಮನೆಯ ಕಿಟಕಿಯ ಕಡೆ ತಿರುಗಿಸಬೇಡಿ. ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

10. ಬೀಟಿನ ಪೊಲೀಸರ ಹೆಸರು ಗೊತ್ತಿರಲಿ, ಅವರ ಕೆಲಸ ನಮ್ಮದಾಗದಿರಲಿ

ಹತ್ತು ವರ್ಷದಲ್ಲಿ ನಮ್ಮ ಬೀಟಿಗೆ ಹದಿನೇಳು ಜನ ಬಂದು ಹೋದರು. ಪರಿಚಯವಾಗುವಷ್ಟರಲ್ಲಿ ವರ್ಗ. ಮೊದಲೆಲ್ಲ ರಾತ್ರಿ ಗಸ್ತಿನವರು ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು, ಈಗ ಗೋಡೆಯ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಹೋಗುತ್ತಾರೆ. 2025ರ ಜುಲೈನಲ್ಲಿ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಎಂದು ಶುರುಮಾಡಿತು. ಬೀಟಿನವರೇ ಬಾಗಿಲಿಗೆ ಬಂದು ಮಾತಾಡಿಸುವ ಯೋಜನೆ. ನಮ್ಮ ಮನೆಗೆ ಬಂದ ಹುಡುಗಿ ಕಾಫಿ ಕುಡಿದಳು, ಒಂಟಿ ಹಿರಿಯರ ಮನೆ ಯಾವುದೆಂದು ಕೇಳಿ ಬರೆದುಕೊಂಡಳು. ಒಳ್ಳೆಯ ಆರಂಭ.

ಆದರೆ ಪೊಲೀಸರ ಜೀಪಿನಲ್ಲಿ ಕೂತು ಓಡಾಡುವ ಆಸೆ ಬೇಡ. ತಮಿಳುನಾಡಿನಲ್ಲಿ 1993ರಲ್ಲಿ ‘ಪೊಲೀಸರ ಗೆಳೆಯರು’ ಎಂಬ ಸ್ವಯಂಸೇವಕರ ಪಡೆ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿತು. 2020ರಲ್ಲಿ ಸಾತಾನ್‌ಕುಳಂ ಠಾಣೆಯಲ್ಲಿ ತಂದೆ ಮಗ ಇಬ್ಬರೂ ಏಟು ತಿಂದು ಸತ್ತಾಗ ಆ ಸ್ವಯಂಸೇವಕರ ಹೆಸರೂ ಕೇಳಿಬಂತು, ಸರ್ಕಾರ ಆ ಪಡೆಯನ್ನೇ ನಿಷೇಧಿಸಿತು.

11. ಈಗಿನ ಕಳ್ಳ ಕಾಂಪೌಂಡ್ ಹಾರುವುದಿಲ್ಲ

ಬೀದಿ ಕಾವಲು ಇನ್ನೂ ಬೇಕೇ ಎಂಬುದಕ್ಕೆ ನನ್ನ ಉತ್ತರ ಇಲ್ಲಿದೆ. ಇದನ್ನು ಬರೆಯಲು ಮೂಲೆ ಮನೆ ರಾಯರೇ ಒಪ್ಪಿಗೆ ಕೊಟ್ಟರು, ಒಂದು ವರ್ಷ ಕಳೆದ ಮೇಲೆ.

ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ಬೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸದ ಬಗ್ಗೆ ಎಲ್ಲರೂ ಕೇಳಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳೇ ‘ಮನ್ ಕೀ ಬಾತ್’ನಲ್ಲಿ ವಿಜಯಪುರದವರೊಬ್ಬರಿಗೆ ಬಂದ ಇಂಥ ಕರೆಯ ಮಾತುಕತೆ ಕೇಳಿಸಿದರು. 2025ರ ಮಾರ್ಚಿನಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥದೇ ವಂಚನೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದು ದೊಡ್ಡ ಊರಲ್ಲ, ಹಳ್ಳಿ. ಸುತ್ತ ಜನ ಇದ್ದೂ ಅವರ ಸಂಕಟ ಹೊರಗೆ ಬಂದಿರಲಿಲ್ಲ. ಈ ಕಳ್ಳನ ಕಸಬೇ ಅದು. ಕ್ಯಾಮೆರಾ ಮುಂದೆಯೇ ಕೂತಿರು, ಯಾರಿಗೂ ಹೇಳಬೇಡ, ಬಾಗಿಲು ತೆಗೆಯಬೇಡ ಎನ್ನುತ್ತಾನೆ. ಮನುಷ್ಯನನ್ನು ಮೊದಲು ಒಂಟಿ ಮಾಡುತ್ತಾನೆ, ಹಣಕ್ಕೆ ಆಮೇಲೆ ಕೈ ಹಾಕುತ್ತಾನೆ.

ಅಂದು ರಾಯರ ಗೇಟಿನಲ್ಲಿ ಹಾಲಿನ ಪ್ಯಾಕೆಟ್ಟು ಹತ್ತು ಗಂಟೆಯಾದರೂ ನೇತಾಡುತ್ತಿತ್ತು. ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದರು. ಹೇಳಿದವಳು ಹೂವಿನವಳು: ‘ಅಕ್ಕಾ, ನಿನ್ನೇನೂ ಹಂಗೇ ಇತ್ತು.’ ಬೆಲ್ ಮಾಡಿದೆ, ತೆಗೆಯಲಿಲ್ಲ. ಒಳಗೆ ಮಾತು ಕೇಳುತ್ತಿತ್ತು. ಹಲಗೆಯಿಂದ ಹಸಿರು ದಾರದ ಕೈ ತಂದು ಬಾಗಿಲು ತೆಗೆದೆ.

ಇಪ್ಪತ್ತೆರಡು ಗಂಡಸರಿಗೆ ಸೀಟಿ ಹಂಚಿದ್ದ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ಎದುರಿಗೆ ಚೊಂಬಿಗೆ ಒರಗಿಸಿದ ಫೋನು. ಅದರಲ್ಲಿ ಖಾಕಿ ಹಾಕಿದ ಒಬ್ಬ. ನನ್ನನ್ನು ನೋಡಿ ರಾಯರು ತುಟಿಯ ಮೇಲೆ ಬೆರಳಿಟ್ಟರು. ಅವರ ಕೈ ನಡುಗುತ್ತಿತ್ತು. ಪ್ಯಾಡಿನಲ್ಲಿ ಬ್ಯಾಂಕಿನ ಎಫ್‌ಡಿ ನಂಬರುಗಳನ್ನು ಅಂದವಾಗಿ ಬರೆದಿಟ್ಟಿದ್ದರು. ಫೋನಿನವನು ಹಿಂದಿಯಲ್ಲಿ ‘ಯಾರದು? ಯಾರು ಬಂದಿದ್ದು?’ ಎಂದು ಗದರಿದ.

ನಾನು ಫೋನು ಎತ್ತಿಕೊಂಡು ಕರೆ ಕತ್ತರಿಸಿದೆ. ಅಡುಗೆ ಮನೆಗೆ ಹೋಗಿ ಹಾಲು ಕಾಯಿಸಿದೆ. ರಾಯರು ಆ ಹೊತ್ತಿಗೆ ಒಂದು ಸಲ ಹಣ ಕಳಿಸಿಯಾಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇಬ್ಬರೂ ಕೂತು ಫೋನ್ ಮಾಡಿದೆವು, ಬ್ಯಾಂಕಿಗೆ ಹೋದೆವು. ಸ್ವಲ್ಪ ತಡೆಹಿಡಿದರು, ಸ್ವಲ್ಪ ಹೋಯಿತು. ಬರುವಾಗ ಆಟೋದಲ್ಲಿ ಅವರು ಹೇಳಿದ್ದು ಒಂದೇ ಮಾತು: ‘ಬೀದೀಲಿ ಯಾರಿಗೂ ಹೇಳಬೇಡಿ ಮೇಡಂ.’

ಆ ದಿನದ ಪುಟದಲ್ಲಿ ನಾನು ಬರೆದಿರುವುದು ಇಷ್ಟು: ‘ಮೂಲೆ ಮನೆ. ಹಾಲು ಹತ್ತರವರೆಗೆ ಗೇಟಿನಲ್ಲೇ ಇತ್ತು. ಹೋಗಿ ನೋಡಿ ಬಂದೆ.’